ಕರ್ನಾಟಕದ ದೊಡ್ಡ ನಗರಗಳು: ಎಲ್ಲಿ ಜನ ಹೆಚ್ಚಾದರು, ಎಲ್ಲಿ ಕಡಿಮೆಯಾದರು? (ಪದೇ ಪದೇ ಕೇಳುವ ಪ್ರಶ್ನೆಗಳು)

ಯಾವ ಊರು ಎಷ್ಟು ಬೆಳೆಯಿತು ಅನ್ನೋ ಮಾತು ಬಂದಾಗಲೆಲ್ಲ ಒಬ್ಬೊಬ್ಬರು ಒಂದೊಂದು ಅಂಕಿ ಹೇಳುತ್ತಾರೆ. ಹೆಚ್ಚಿನ ಸಲ ಯಾರೂ ಸುಳ್ಳು ಹೇಳುತ್ತಿರುವುದಿಲ್ಲ, ಬೇರೆ ಬೇರೆ ಗಡಿ ಹಾಕಿಕೊಂಡು ಎಣಿಸಿರುತ್ತಾರೆ. ಆ ಗಡಿಯ ವಿಷಯ ಅರ್ಥವಾದರೆ ಅರ್ಧ ಜಗಳ ಮುಗಿದಂತೆ. ಅದಕ್ಕೇ ಕೆಳಗಿನ ಉತ್ತರಗಳಲ್ಲಿ ಆ ಮಾತು ಮತ್ತೆ ಮತ್ತೆ ಬರುತ್ತದೆ.

ಈಗಲೂ 2011ರ ಅಂಕಿಯನ್ನೇ ಯಾಕೆ ಹೇಳುತ್ತೀರಿ? ಹೊಸದು ಇಲ್ವಾ?

ಇಲ್ಲ. 2021ರಲ್ಲಿ ನಡೆಯಬೇಕಿದ್ದ ಜನಗಣತಿ ಕೋವಿಡ್ ಕಾರಣಕ್ಕೆ ಮುಂದಕ್ಕೆ ಹೋಯಿತು. ಮುಂದಿನ ಎಣಿಕೆಗೆ ಕೇಂದ್ರ ಸರ್ಕಾರ ಗೊತ್ತು ಮಾಡಿರುವ ದಿನ 2027ರ ಮಾರ್ಚ್ 1. ಅಂದರೆ ಎರಡು ಎಣಿಕೆಗಳ ನಡುವೆ ಈ ಸಲ 16 ವರ್ಷದ ಅಂತರ. ಅಲ್ಲಿಯವರೆಗೆ ಮನೆ ಮನೆಗೆ ಹೋಗಿ ಎಣಿಸಿದ ಜನಗಣತಿಯ ಅಂಕಿ ಅಂತ ನಮ್ಮ ಕೈಯಲ್ಲಿರುವುದು 2011ರದ್ದೇ.

ಆದ್ರೆ ಇಂಟರ್‌ನೆಟ್‌ನಲ್ಲಿ ಈ ವರ್ಷದ ಜನಸಂಖ್ಯೆ ಅಂತಾನೇ ತೋರಿಸ್ತಾರಲ್ಲ?

ಅದು ಎಣಿಕೆಯಲ್ಲ, ಅಂದಾಜು. ಹಿಂದಿನ ಹತ್ತು ವರ್ಷದಲ್ಲಿ ಬೆಳೆದ ಹಾಗೇ ಈಗಲೂ ಬೆಳೆಯುತ್ತಿದೆ ಅಂದುಕೊಂಡು ಗೆರೆ ಎಳೆದಿರುತ್ತಾರೆ, ಅಷ್ಟೇ. ಬೆಂಗಳೂರಿಗೆ ಅದು ಸುಮಾರಾಗಿ ಹೊಂದಬಹುದು. ಒಂದು ಕಾರ್ಖಾನೆ ಮುಚ್ಚಿದ ಊರಿಗೋ, ಹೊಸದಾಗಿ ಜಿಲ್ಲಾ ಕೇಂದ್ರವಾದ ಊರಿಗೋ ಆ ಗೆರೆ ಹೊಂದುವುದಿಲ್ಲ. ಅಂಥ ಅಂಕಿಯನ್ನು ಅಂದಾಜು ಅಂತ ಹೇಳಿಯೇ ಬಳಸಿ.

ರಾಜ್ಯದ ಎರಡನೇ ದೊಡ್ಡ ನಗರ ಮೈಸೂರಾ, ಹುಬ್ಬಳ್ಳಿ-ಧಾರವಾಡನಾ?

ನಮ್ಮಲ್ಲಿ ಅತಿ ಹೆಚ್ಚು ವಾದ ನಡೆಯುವ ಪ್ರಶ್ನೆ ಇದು. ಎರಡೂ ಕಡೆಯವರು ಹೇಳುವುದು ನಿಜ.

ಪಾಲಿಕೆಯ ಗಡಿಯೊಳಗಿನ ಜನರನ್ನಷ್ಟೇ ಎಣಿಸಿದರೆ ಹುಬ್ಬಳ್ಳಿ-ಧಾರವಾಡ ಮುಂದೆ. 2011ರಲ್ಲಿ ಅಲ್ಲಿ 9.43 ಲಕ್ಷ ಜನ ಇದ್ದರು. ಮೈಸೂರು ಪಾಲಿಕೆಯದ್ದು ಅದಕ್ಕಿಂತ ಕಡಿಮೆ, 9 ಲಕ್ಷದ ಆಸುಪಾಸು. ಆದರೆ ಮೈಸೂರಿಗೆ ಅಂಟಿಕೊಂಡೇ ಬೆಳೆದ ಬಡಾವಣೆಗಳು ಪಾಲಿಕೆಯ ಹೊರಗಿದ್ದವು. ಹೂಟಗಳ್ಳಿ, ಬೋಗಾದಿ, ಶ್ರೀರಾಂಪುರದ ಕಡೆ ಹೋದರೆ ಮೈಸೂರು ಎಲ್ಲಿ ಮುಗಿಯಿತು ಅಂತ ಗೊತ್ತೇ ಆಗುವುದಿಲ್ಲ. ಹೀಗೆ ನಗರಕ್ಕೆ ಕೂಡಿಕೊಂಡಿರುವ ಸುತ್ತಲಿನ ಜಾಗಗಳನ್ನೂ ಸೇರಿಸಿ ಎಣಿಸುವುದಕ್ಕೆ ಜನಗಣತಿಯಲ್ಲಿ ನಗರ ಸಮೂಹ ಅನ್ನುತ್ತಾರೆ. ಆ ಲೆಕ್ಕದಲ್ಲಿ ಮೈಸೂರಿನದು 9.9 ಲಕ್ಷ. ಆಗ ಮೈಸೂರೇ ಎರಡನೆಯದು.

ಹುಬ್ಬಳ್ಳಿ-ಧಾರವಾಡದ ಕತೆ ಇದಕ್ಕೆ ತಿರುಗಾಮುರುಗ. ಸುಮಾರು 20 ಕಿಲೋಮೀಟರ್ ದೂರದ ಎರಡು ಊರುಗಳನ್ನು 1962ರಲ್ಲೇ ಒಂದು ಪಾಲಿಕೆ ಮಾಡಿದ್ದರು. ಹಾಗಾಗಿ ನಡುವಿನ ಜಾಗವೆಲ್ಲ ಮೊದಲಿನಿಂದಲೂ ಗಡಿಯ ಒಳಗೇ ಇದೆ.

ನಾಲ್ಕನೇ ಸ್ಥಾನಕ್ಕೂ ಇದೇ ಗೊಂದಲ. ಪಾಲಿಕೆಯ ಗಡಿ ಹಿಡಿದರೆ ಕಲಬುರಗಿ (5.33 ಲಕ್ಷ) ನಾಲ್ಕನೆಯದು. ನಗರ ಸಮೂಹ ಹಿಡಿದರೆ ಮಂಗಳೂರು (6.2 ಲಕ್ಷ), ಬೆಳಗಾವಿ (6.1 ಲಕ್ಷ) ಎರಡೂ ಮುಂದೆ ಬಂದು ಕಲಬುರಗಿ ಆರಕ್ಕೆ ಇಳಿಯುತ್ತದೆ. ಊರಿನಲ್ಲಿ ಒಬ್ಬರೂ ಹೆಚ್ಚು ಕಡಿಮೆ ಆಗಿಲ್ಲ, ನೋಡಿ.

2001ರಿಂದ 2011ರ ನಡುವೆ ಯಾವ ನಗರ ಎಷ್ಟು ಬೆಳೆಯಿತು?

ಸುಮಾರು ಅಂಕಿಗಳು ಹೀಗಿವೆ. ನಗರ ಸಮೂಹ ಇರುವಲ್ಲಿ ಅದನ್ನೇ ಹಿಡಿದಿದ್ದೇನೆ.

- ಬೆಂಗಳೂರು: 57 ಲಕ್ಷದಿಂದ 85 ಲಕ್ಷಕ್ಕೆ, ಶೇ. 49
- ಬಳ್ಳಾರಿ: 3.17 ಲಕ್ಷದಿಂದ 4.1 ಲಕ್ಷಕ್ಕೆ, ಶೇ. 29
- ಕಲಬುರಗಿ: 4.3 ಲಕ್ಷದಿಂದ 5.43 ಲಕ್ಷಕ್ಕೆ, ಶೇ. 26
- ಮೈಸೂರು: 8 ಲಕ್ಷದಿಂದ 9.9 ಲಕ್ಷಕ್ಕೆ, ಶೇ. 24
- ಬೆಳಗಾವಿ: 5.06 ಲಕ್ಷದಿಂದ 6.1 ಲಕ್ಷಕ್ಕೆ, ಶೇ. 20
- ಹುಬ್ಬಳ್ಳಿ-ಧಾರವಾಡ: 7.86 ಲಕ್ಷದಿಂದ 9.43 ಲಕ್ಷಕ್ಕೆ, ಶೇ. 20
- ದಾವಣಗೆರೆ: 3.64 ಲಕ್ಷದಿಂದ 4.35 ಲಕ್ಷಕ್ಕೆ, ಶೇ. 19
- ಮಂಗಳೂರು: 5.39 ಲಕ್ಷದಿಂದ 6.2 ಲಕ್ಷಕ್ಕೆ, ಶೇ. 15ರಿಂದ 16

ಹತ್ತು ವರ್ಷಕ್ಕೆ ಶೇ. 20ರಂತೆ ಬೆಳೆಯುವ ನಗರ ದುಪ್ಪಟ್ಟಾಗಲು 38 ವರ್ಷ ಬೇಕು. ಬೆಂಗಳೂರಿನ ವೇಗದಲ್ಲಿ ಹೋದರೆ 17 ವರ್ಷ ಸಾಕು.

ಶೇ. 20 ಅಂದ್ರೆ ಜಾಸ್ತಿನಾ, ಕಡಿಮೆನಾ?

ಹೋಲಿಸಲು ಒಂದು ಅಳತೆ ಬೇಕಲ್ವಾ? ಅದೇ ಹತ್ತು ವರ್ಷದಲ್ಲಿ ಇಡೀ ಕರ್ನಾಟಕ ಶೇ. 15.6ರಷ್ಟು ಬೆಳೆಯಿತು. 5.28 ಕೋಟಿ ಇದ್ದದ್ದು 6.11 ಕೋಟಿ ಆಯಿತು. ಒಂದು ನಗರದ ಬೆಳವಣಿಗೆ ಇದರ ಆಸುಪಾಸಿನಲ್ಲಿದ್ದರೆ ಅಲ್ಲಿಗೆ ಹೊರಗಿನಿಂದ ಬಂದವರು ಹೆಚ್ಚೇನಿಲ್ಲ, ಹುಟ್ಟಿದ ಮಕ್ಕಳಿಂದಲೇ ಊರು ಬೆಳೆದಿದೆ ಅಂತ ಸುಮಾರಾಗಿ ಹೇಳಬಹುದು. ಇದಕ್ಕಿಂತ ಬಹಳ ಮೇಲಿದ್ದರೆ ಜನ ಬಂದು ಸೇರಿದ್ದಾರೆ. ಬಹಳ ಕೆಳಗಿದ್ದರೆ ಬಿಟ್ಟು ಹೋಗಿದ್ದಾರೆ.

ಈ ಅಳತೆಯನ್ನು ಮೇಲಿನ ಪಟ್ಟಿಗೆ ಹಿಡಿದು ನೋಡಿ. ಬೆಂಗಳೂರು ಒಂದು ಕಡೆ, ಉಳಿದವೆಲ್ಲ ಇನ್ನೊಂದು ಕಡೆ. ಹುಬ್ಬಳ್ಳಿ-ಧಾರವಾಡ, ಬೆಳಗಾವಿ, ದಾವಣಗೆರೆ ಬೆಳೆದವು ಅಂತ ನಾವು ಖುಷಿಪಡುತ್ತೇವೆ. ನಿಜವಾಗಿ ಅವು ರಾಜ್ಯದ ಸರಾಸರಿಗಿಂತ ಸ್ವಲ್ಪ ಮೇಲಿದ್ದವು, ಅಷ್ಟೇ. ಗದಗ-ಬೆಟಗೇರಿ 1.55 ಲಕ್ಷದಿಂದ 1.73 ಲಕ್ಷಕ್ಕೆ ಬಂತು, ಶೇ. 11. ಅಂಕಿ ಏರಿದೆ ನಿಜ. ಆದರೂ ಆ ಊರಿಗೆ ಬಂದವರಿಗಿಂತ ಅಲ್ಲಿಂದ ಹೊರಟವರೇ ಜಾಸ್ತಿ ಇದ್ದಿರಬೇಕು. ಮೈಕಿನಲ್ಲಿ ‘ನಮ್ಮ ನಗರ ಬೆಳೆಯುತ್ತಿದೆ’ ಅಂತ ಕೇಳಿದಾಗ ಈ 15.6 ನೆನಪಿಗೆ ಬಂದರೆ ಒಳ್ಳೆಯದು.

ಬೆಂಗಳೂರು ಇಷ್ಟು ಬೆಳೆದಿದ್ದು ಐಟಿ ಬಂದ ಮೇಲೆ ತಾನೆ?

ಎಲ್ಲರೂ ಹಾಗೆ ಅಂದುಕೊಂಡಿದ್ದಾರೆ. ಅಂಕಿಗಳು ಬೇರೆಯದೇ ಹೇಳುತ್ತವೆ.

1941ರಲ್ಲಿ ಬೆಂಗಳೂರಿನ ಪೇಟೆ (ಹಳೆಯ ಊರು) ಮತ್ತು ದಂಡು (ಬ್ರಿಟಿಷರ ಕಂಟೋನ್ಮೆಂಟ್) ಎರಡೂ ಸೇರಿ 4.07 ಲಕ್ಷ ಜನ. 1951ಕ್ಕೆ 7.79 ಲಕ್ಷ. ಶೇ. 90ಕ್ಕೂ ಜಾಸ್ತಿ! ಎಚ್‌ಎಎಲ್ ಅನ್ನೋ ವಿಮಾನ ಕಾರ್ಖಾನೆ ಶುರುವಾಗಿದ್ದು 1940ರಲ್ಲಿ, ಮಹಾಯುದ್ಧದ ಹೊತ್ತಿಗೆ. 1948ರಲ್ಲಿ ಟೆಲಿಫೋನ್ ತಯಾರಿಸುವ ಐಟಿಐ ಕಾರ್ಖಾನೆ ಬಂತು, 1950ರ ದಶಕದಲ್ಲಿ ಎಚ್‌ಎಂಟಿ, ಬಿಇಎಲ್. ಸರ್ಕಾರಿ ಕಾರ್ಖಾನೆಗಳ ಜೊತೆಗೆ ಅವುಗಳಿಗೆ ಬಿಡಿಭಾಗ ಮಾಡಿಕೊಡುವ ಸಣ್ಣ ಸಣ್ಣ ವರ್ಕ್‌ಶಾಪ್‌ಗಳು ಹುಟ್ಟಿಕೊಂಡವು. ಪೀಣ್ಯ, ರಾಜಾಜಿನಗರದ ಕಡೆ ಇವತ್ತಿಗೂ ಲೇತ್ ಸದ್ದು ಕೇಳುವುದು ಅದೇ ಪರಂಪರೆಯಿಂದ.

ಇನ್ನೊಂದು ದೊಡ್ಡ ಜಿಗಿತ 1971ರಿಂದ 1981ರ ನಡುವೆ. 16.5 ಲಕ್ಷ ಚಿಲ್ಲರೆ ಇದ್ದದ್ದು 29 ಲಕ್ಷ ದಾಟಿತು. ಶೇ. 75ರಷ್ಟು. ಅದರಲ್ಲಿ ನಗರದ ಗಡಿ ದೊಡ್ಡದಾದ ಪಾಲೂ ಇದೆ. ಅದನ್ನು ಕಳೆದರೂ ಅದು ದೊಡ್ಡ ಜಿಗಿತವೇ. ಐಟಿಗೆ ದಾರಿ ತೋರಿದ ಅಮೆರಿಕದ ಕಂಪನಿ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಬೆಂಗಳೂರಿಗೆ ಕಾಲಿಟ್ಟಿದ್ದು 1985ರಲ್ಲಿ, ಅಂದರೆ ಇದೆಲ್ಲ ಆದ ಮೇಲೆ.

ಐಟಿ ಹೆಸರು ಮಾಡಿದ 1991ರಿಂದ 2001ರ ದಶಕದಲ್ಲಿ ಬೆಂಗಳೂರು ಬೆಳೆದದ್ದು ಶೇ. 38. ಆ 75ರ ಎದುರು ಅರ್ಧ. ಐಟಿಯ ನಿಜವಾದ ಹೊಡೆತ ಕಂಡಿದ್ದು ಅದರ ನಂತರದ ಹತ್ತು ವರ್ಷದಲ್ಲಿ. ಆಗಲೂ ಬಂದವರೆಲ್ಲ ಎಂಜಿನಿಯರುಗಳಲ್ಲ. ಕಟ್ಟಡ ಕೆಲಸದವರು, ಕ್ಯಾಬ್ ಓಡಿಸುವವರು, ಸೆಕ್ಯೂರಿಟಿಯವರು, ಮನೆಗೆಲಸದವರು, ಗಾರ್ಮೆಂಟ್ಸ್ ಕೆಲಸಕ್ಕೆ ಬಂದ ಹೆಣ್ಣುಮಕ್ಕಳು, ಇವರೆಲ್ಲರೂ ಆ ಅಂಕಿಯ ಒಳಗಿದ್ದಾರೆ.

ಬೆಂಗಳೂರಿನ ಜನ 2001ರಲ್ಲಿ 43 ಲಕ್ಷ, 2011ರಲ್ಲಿ 84 ಲಕ್ಷ ಅಂತ ಓದಿದೆ. ಹತ್ತೇ ವರ್ಷದಲ್ಲಿ ದುಪ್ಪಟ್ಟಾಯಿತಾ?

ಎರಡು ಅಂಕಿಯೂ ಸರಿ, ಹೋಲಿಕೆ ತಪ್ಪು. 43 ಲಕ್ಷ ಹಳೆಯ ಬೆಂಗಳೂರು ಮಹಾನಗರ ಪಾಲಿಕೆಯದು. 84 ಲಕ್ಷ ಬಿಬಿಎಂಪಿಯದು, ಅಂದರೆ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆಯದು. 2007ರಲ್ಲಿ ಏಳು ನಗರಸಭೆ, ಒಂದು ಪುರಸಭೆ, 110 ಹಳ್ಳಿಗಳನ್ನು ಸೇರಿಸಿ ಬಿಬಿಎಂಪಿ ಮಾಡಿದರು. ವಿಸ್ತೀರ್ಣ 226 ಚದರ ಕಿಲೋಮೀಟರ್‌ನಿಂದ 700ಕ್ಕೂ ಮೇಲೆ ಹೋಯಿತು. ಯಲಹಂಕ, ಕೆ.ಆರ್. ಪುರ, ಬೊಮ್ಮನಹಳ್ಳಿಯ ಜನ ತಾವಿದ್ದ ಮನೆಯಲ್ಲೇ ಇದ್ದು ಬೆಂಗಳೂರು ಪಾಲಿಕೆಯವರಾದರು.

ಗಡಿ ಬದಲಾಯಿಸಲು ಒಂದು ಅಧಿಸೂಚನೆ ಸಾಕು. ನೀರು ಕೊಡಲು ಸಾಲದು. ಆ 110 ಹಳ್ಳಿಗಳಿಗೆ ಕಾವೇರಿ ನೀರು ಕೊಡಲೆಂದೇ ಮಾಡಿದ ಐದನೇ ಹಂತದ ಯೋಜನೆ ಉದ್ಘಾಟನೆಯಾದದ್ದು 2024ರ ಅಕ್ಟೋಬರ್‌ನಲ್ಲಿ. ಪಟ್ಟಿಯಲ್ಲಿ ಜನ ಸೇರಿದ 17 ವರ್ಷದ ಮೇಲೆ! ಅಷ್ಟೂ ವರ್ಷ ಅಲ್ಲಿನ ಬಹಳಷ್ಟು ಮನೆಗಳು ನಂಬಿಕೊಂಡಿದ್ದು ಬೋರ್‌ವೆಲ್ ಮತ್ತು ಟ್ಯಾಂಕರ್‌. ಜನಸಂಖ್ಯೆಯ ಅಂಕಿಯನ್ನು ನಾವು ಯಾಕೆ ಇಷ್ಟು ಗಮನಿಸಿ ಓದಬೇಕು ಅನ್ನೋದಕ್ಕೆ ಇದಕ್ಕಿಂತ ಬೇರೆ ಉದಾಹರಣೆ ಬೇಡ.

ಮುಂದಿನ ಜನಗಣತಿಯಲ್ಲೂ ಹುಷಾರಾಗಿರಬೇಕು. 2025ರ ಸೆಪ್ಟೆಂಬರ್‌ನಲ್ಲಿ ಬಿಬಿಎಂಪಿ ಹೋಗಿ ಗ್ರೇಟರ್ ಬೆಂಗಳೂರು ಪ್ರಾಧಿಕಾರದ ಕೆಳಗೆ ಐದು ಪಾಲಿಕೆಗಳು ಬಂದಿವೆ. ಅವುಗಳಲ್ಲಿ ಒಂದರ ಅಂಕಿ ಹಿಡಿದುಕೊಂಡು ‘ಬೆಂಗಳೂರಿನ ಜನ ಕಡಿಮೆಯಾದರು’ ಅಂತ ಯಾರಾದರೂ ಬರೆದರೆ ನಂಬಬೇಡಿ.

ಬೆಂಗಳೂರಿನಲ್ಲಿ ಯಾವತ್ತಾದರೂ ಜನ ಕಡಿಮೆಯಾಗಿದ್ದು ಉಂಟಾ?

ಉಂಟು. 1891ರಲ್ಲಿ ಪೇಟೆ, ದಂಡು ಸೇರಿ 1.8 ಲಕ್ಷ ಇತ್ತು. 1901ರಲ್ಲಿ 1.59 ಲಕ್ಷಕ್ಕೆ ಇಳಿಯಿತು. ಕಾರಣ 1898ರ ಪ್ಲೇಗ್. ಸತ್ತವರು ಒಂದು ಕಡೆ, ಮನೆ ಬಿಟ್ಟು ಊರಾಚೆ ಹೋದವರು ಇನ್ನೊಂದು ಕಡೆ. ಮೈಸೂರೂ ಅದೇ ಹೊತ್ತಿನಲ್ಲಿ 74 ಸಾವಿರದಿಂದ 68 ಸಾವಿರಕ್ಕೆ ಇಳಿಯಿತು. ಬಸವನಗುಡಿ, ಮಲ್ಲೇಶ್ವರದಂಥ ಅಗಲ ರಸ್ತೆಯ, ಗಾಳಿ ಬೆಳಕಿನ ಬಡಾವಣೆಗಳು ಬೆಳೆದದ್ದರ ಹಿಂದೆ ಆ ಪ್ಲೇಗಿನ ಭಯ ಇತ್ತು.

ಇತ್ತೀಚೆಗೆ ಜನ ಕಡಿಮೆಯಾದ ದೊಡ್ಡ ಊರು ಕರ್ನಾಟಕದಲ್ಲಿ ಇದೆಯಾ?

ಭದ್ರಾವತಿ. 2001ರಲ್ಲಿ 1.6 ಲಕ್ಷ ಇದ್ದದ್ದು 2011ರಲ್ಲಿ 1.51 ಲಕ್ಷಕ್ಕೆ ಬಂತು. ಇಳಿದದ್ದು ಒಂಬತ್ತು ಸಾವಿರ ಚಿಲ್ಲರೆ ಅಂತ ಸುಮ್ನೆ ಬಿಡಬೇಡಿ. ಆ ಹತ್ತು ವರ್ಷದಲ್ಲಿ ಹುಟ್ಟಿದ ಮಕ್ಕಳನ್ನೂ ಲೆಕ್ಕಕ್ಕೆ ತೆಗೆದುಕೊಂಡರೆ ಊರು ಬಿಟ್ಟವರ ಸಂಖ್ಯೆ ಇದಕ್ಕಿಂತ ಎಷ್ಟೋ ದೊಡ್ಡದು.

ಭದ್ರಾವತಿಯನ್ನು ಊರು ಮಾಡಿದ್ದೇ ಕಾರ್ಖಾನೆ. ಸರ್ ಎಂ. ವಿಶ್ವೇಶ್ವರಯ್ಯನವರ ಪ್ರಯತ್ನದಿಂದ ಬಂದ ಕಬ್ಬಿಣದ ಕಾರ್ಖಾನೆ 1923ರಲ್ಲಿ ಉತ್ಪಾದನೆ ಶುರು ಮಾಡಿತು. 1930ರ ದಶಕದಲ್ಲಿ ಕಾಗದದ ಕಾರ್ಖಾನೆ ಬಂತು. ಬೆಳಗ್ಗೆ ಸೈರನ್ ಕೂಗಿದರೆ ಊರಿಗೆಲ್ಲ ಅದೇ ಗಡಿಯಾರ. ಆಮೇಲೆ ಹೊಸ ನೇಮಕಾತಿ ಕಡಿಮೆಯಾಯಿತು. ನಿವೃತ್ತರಾದವರ ಜಾಗಕ್ಕೆ ಯಾರೂ ಬರಲಿಲ್ಲ. ಮಕ್ಕಳು ಡಿಪ್ಲೊಮಾ ಮುಗಿಸಿ ಬೆಂಗಳೂರಿನ ಬಸ್ಸು ಹತ್ತಿದರು. ಕಾಗದದ ಕಾರ್ಖಾನೆ ನಿಂತಿದ್ದು, ಉಕ್ಕಿನ ಕಾರ್ಖಾನೆ ಮುಚ್ಚುವ ಮಾತು ಬಂದಿದ್ದು ಎಲ್ಲ 2011ರ ನಂತರದ ಸುದ್ದಿ. ಹಾಗಾಗಿ 2027ರಲ್ಲಿ ಭದ್ರಾವತಿಯ ಅಂಕಿ ಏನು ಬರುತ್ತದೋ ಅಂತ ನನಗೆ ನಿಜವಾಗಿಯೂ ಆತಂಕ ಇದೆ.

ಚಿನ್ನದ ಗಣಿ ಮುಚ್ಚಿದ ಮೇಲೆ ಕೆಜಿಎಫ್ (ಕೋಲಾರ ಚಿನ್ನದ ಗಣಿ ಪ್ರದೇಶ) ಖಾಲಿಯಾಗಿರಬೇಕಲ್ವಾ?

ಆಗಿಲ್ಲ.

1951ರಲ್ಲಿ ಕೆಜಿಎಫ್‌ನ ಜನಸಂಖ್ಯೆ ಸುಮಾರು 1.59 ಲಕ್ಷ. ಆಗಿನ ಮೈಸೂರು ರಾಜ್ಯದಲ್ಲಿ ಬೆಂಗಳೂರು, ಮೈಸೂರು ಬಿಟ್ಟರೆ ಅದೇ ಮೂರನೇ ದೊಡ್ಡ ಊರು. 1902ರಲ್ಲೇ ಶಿವನಸಮುದ್ರದಿಂದ ಕರೆಂಟು ಬಂದ ಊರು. ಅದಿರಿನಲ್ಲಿ ಚಿನ್ನ ಕಡಿಮೆಯಾಗುತ್ತಾ, ಸುರಂಗ ಆಳಕ್ಕೆ ಹೋಗುತ್ತಾ ಖರ್ಚು ಏರಿತು. ಜನ ಇಳಿಯತೊಡಗಿದ್ದು ಆಗಲೇ. 1971ಕ್ಕೆ 1.2 ಲಕ್ಷದ ಹತ್ತಿರ ಬಂತು, ಇಪ್ಪತ್ತು ವರ್ಷದಲ್ಲಿ ಕಾಲು ಭಾಗ ಹೋದಂತೆ. ಬಿಇಎಂಎಲ್ ಕಾರ್ಖಾನೆ ಆ ಊರಿಗೆ ಸ್ವಲ್ಪ ಉಸಿರು ಕೊಟ್ಟಿತು, ಅಂಕಿ ಮತ್ತೆ ಮೇಲೆ ಬಂತು.

2001ರ ಫೆಬ್ರವರಿ 28ಕ್ಕೆ ಗಣಿ ಪೂರ್ತಿ ಮುಚ್ಚಿತು. ಅದೇ ವರ್ಷದ ಜನಗಣತಿಯಲ್ಲಿ 1.57 ಲಕ್ಷ. ಹತ್ತು ವರ್ಷದ ಮೇಲೆ 1.62 ಲಕ್ಷ! ಕೆಲಸ ಹೋಯಿತು, ಜನ ಹೋಗಲಿಲ್ಲ. ಮಾರಿಕುಪ್ಪಂ ಸ್ಟೇಷನ್ನಿಗೆ ಬೆಳಗಿನ ಜಾವ ಹೋದರೆ ಉತ್ತರ ಕಣ್ಣೆದುರೇ ಇರುತ್ತದೆ. ಸಾವಿರಾರು ಜನ ಪಾಸ್ ಹಿಡಿದು, ಊಟದ ಡಬ್ಬಿ ಹಿಡಿದು ಬೆಂಗಳೂರಿನ ರೈಲು ಹತ್ತುತ್ತಾರೆ. ಸೀಟು ಸಿಕ್ಕವರು ನಿದ್ದೆ ಮಾಡುತ್ತಾರೆ, ಸಿಗದವರು ನಿಂತೇ ಹೋಗುತ್ತಾರೆ. ರಾತ್ರಿ ಅದೇ ದಾರಿಯಲ್ಲಿ ವಾಪಸ್ಸು. ದುಡಿಮೆ ಬೆಂಗಳೂರಿನಲ್ಲಿ, ಎಣಿಕೆ ಕೆಜಿಎಫ್‌ನಲ್ಲಿ. ಜನಸಂಖ್ಯೆ ಉಳಿದಿದೆ ಅಂದ ಮಾತ್ರಕ್ಕೆ ಊರು ಚೆನ್ನಾಗಿದೆ ಅಂತ ತಿಳಿಯಬಾರದು. ಆ ಊರನ್ನು ಹಿಡಿದು ನಿಲ್ಲಿಸಿರುವುದು ಆ ರೈಲು.

ಬಳ್ಳಾರಿ ಅಷ್ಟು ಬೆಳೆದಿದ್ದು ಗಣಿಯಿಂದಾನಾ?

ಬಹುಪಾಲು ಹೌದು. ಕಬ್ಬಿಣದ ಅದಿರಿನ ಬೆಲೆ ಏರಿದ ಕಾಲ ಅದು. ತೋರಣಗಲ್ಲಿನ ಉಕ್ಕಿನ ಕಾರ್ಖಾನೆಯೂ ಸೇರಿ ಬಳ್ಳಾರಿ, ಹೊಸಪೇಟೆ ಎರಡೂ ಬೆಳೆದವು. ಹೊಸಪೇಟೆ 1.63 ಲಕ್ಷದಿಂದ 2.06 ಲಕ್ಷಕ್ಕೆ ಬಂತು. ಆದರೆ ಇಲ್ಲಿ ದಿನಾಂಕ ನೋಡಬೇಕು. ಎಣಿಕೆ ನಡೆದದ್ದು 2011ರ ಫೆಬ್ರವರಿಯಲ್ಲಿ. ಬಳ್ಳಾರಿಯಲ್ಲಿ ಗಣಿಗಾರಿಕೆ ನಿಲ್ಲಿಸಲು ಸುಪ್ರೀಂ ಕೋರ್ಟ್ ಆದೇಶ ಕೊಟ್ಟಿದ್ದು ಅದೇ ವರ್ಷ ಜುಲೈನಲ್ಲಿ. ಅಂದರೆ ಆ ಶೇ. 29 ಉಬ್ಬರದ ತುದಿಯಲ್ಲಿ ಎಣಿಸಿದ ಅಂಕಿ.

ಮಂಗಳೂರಿನಲ್ಲಿ ಕಾಲೇಜು, ಬಂದರು, ಆಸ್ಪತ್ರೆ ಎಲ್ಲ ಇದೆ. ಬೆಳವಣಿಗೆ ಯಾಕೆ ಕಡಿಮೆ?

ಕರಾವಳಿಯಲ್ಲಿ ಮೊದಲಿನಿಂದಲೂ ಮನೆಗೆ ಮಕ್ಕಳು ಕಡಿಮೆ. ಮುಂಬಯಿ, ಗಲ್ಫ್ ಕಡೆ ಹೋಗುವವರು ಹೆಚ್ಚು. ದಕ್ಷಿಣ ಕನ್ನಡ ಜಿಲ್ಲೆ ಬೆಳೆದದ್ದೇ ಸುಮಾರು ಶೇ. 10, ಉಡುಪಿ ಶೇ. 6ರ ಒಳಗೆ. ಆ ಲೆಕ್ಕದಲ್ಲಿ ಮಂಗಳೂರಿನ 15 ಕಡಿಮೆಯೇನಲ್ಲ. ಮಲೆನಾಡಿನದು ಇನ್ನೂ ಕಡಿಮೆ. ಚಿಕ್ಕಮಗಳೂರು ಜಿಲ್ಲೆಯಲ್ಲಿ ಆ ಹತ್ತು ವರ್ಷದಲ್ಲಿ ಜನ ಇಳಿದೇ ಹೋದರು, 11.41 ಲಕ್ಷದಿಂದ 11.38 ಲಕ್ಷಕ್ಕೆ. ಕೊಡಗು ಶೇ. 1ರಷ್ಟು ಏರಿತು, ಅಷ್ಟೇ.

ಕೆಲಸ ಹುಡುಕಿ ಗುಳೆ ಹೋದವರನ್ನು ಎಲ್ಲಿ ಎಣಿಸುತ್ತಾರೆ?

ಬಹಳ ಒಳ್ಳೆಯ ಪ್ರಶ್ನೆ, ಕೇಳುವವರು ಕಡಿಮೆ. ಎಣಿಕೆ ನಡೆಯುವುದು ಫೆಬ್ರವರಿಯಲ್ಲಿ. ರಾಯಚೂರು, ಯಾದಗಿರಿ, ಕಲಬುರಗಿ ಕಡೆಯ ಸಾವಿರಾರು ಕುಟುಂಬ ಹೊಲದ ಕೆಲಸ ಮುಗಿಸಿ ಗುಳೆ ಹೋಗುವುದೂ ಅದೇ ಹೊತ್ತಿನಲ್ಲಿ. ಊರಿನಲ್ಲಿ ಮನೆಗೆ ಬೀಗ. ಬೆಂಗಳೂರಿನಲ್ಲಿ ಅವರಿರುವುದು ಕಟ್ಟಡದ ಪಕ್ಕದ ತಗಡಿನ ಶೆಡ್ಡಿನಲ್ಲಿ. ನಿಯಮದ ಪ್ರಕಾರ ಎಣಿಕೆಯ ಹೊತ್ತಿನಲ್ಲಿ ಎಲ್ಲಿ ವಾಸ ಇದ್ದಾರೋ ಅಲ್ಲಿ ಬರೆಯಬೇಕು, ಮನೆಯೇ ಇಲ್ಲದವರನ್ನು ಫೆಬ್ರವರಿ ಕೊನೆಯ ರಾತ್ರಿ ಹುಡುಕಿ ಎಣಿಸಬೇಕು. ಎಣಿಸುವ ಮೇಷ್ಟ್ರು ಶೆಡ್ಡಿನವರೆಗೆ ಹೋದರೆ ಸರಿ. ಹೋಗದಿದ್ದರೆ ಆ ಕುಟುಂಬ ಎರಡೂ ಕಡೆ ಬಿಟ್ಟು ಹೋಗುತ್ತದೆ. 2027ರಲ್ಲಿ ನಿಮ್ಮ ಬೀದಿಯಲ್ಲಿ ಕಟ್ಟಡ ಏಳುತ್ತಿದ್ದರೆ ಎಣಿಸುವವರಿಗೆ ಆ ಶೆಡ್ಡನ್ನು ದಯವಿಟ್ಟು ತೋರಿಸಿ.

ಹಾಸ್ಟೆಲ್ ಮಕ್ಕಳು?

ಹಾಸ್ಟೆಲ್ ಇರುವ ಊರಿನಲ್ಲೇ. ಅದಕ್ಕೇ ಧಾರವಾಡ, ದಾವಣಗೆರೆಯಂಥ ಓದಿನ ಊರುಗಳ ಅಂಕಿಯಲ್ಲಿ ಅವರ ಪಾಲೂ ಇರುತ್ತದೆ.

ಜನ ಕಡಿಮೆಯಾದರೆ ಊರಿಗೆ ನಷ್ಟ ಏನು? ಟ್ರಾಫಿಕ್ ಕಡಿಮೆ, ನೀರು ಜಾಸ್ತಿ, ಒಳ್ಳೆಯದೇ ಅಲ್ವಾ?

ಹೊರಗಿನಿಂದ ನೋಡಿದರೆ ಹಾಗೆ ಅನಿಸುತ್ತದೆ. ಆದರೆ ಮೊದಲು ಹೋಗುವವರು ದುಡಿಯುವ ವಯಸ್ಸಿನವರು. ಉಳಿಯುವವರು ವಯಸ್ಸಾದ ಅಪ್ಪ ಅಮ್ಮ. ಶಾಲೆಯಲ್ಲಿ ಮಕ್ಕಳು ಕಡಿಮೆಯಾಗುತ್ತಾರೆ, ಅಂಗಡಿಯಲ್ಲಿ ವ್ಯಾಪಾರ ಇಳಿಯುತ್ತದೆ, ಮನೆ ಮಾರಲು ಹೋದರೆ ಬೆಲೆ ಸಿಗುವುದಿಲ್ಲ. ನೀರಿನ ಪೈಪು, ಬೀದಿದೀಪ, ಚರಂಡಿ ಮಾತ್ರ ಮೊದಲಿನಷ್ಟೇ ಇರುತ್ತವೆ. ಅವನ್ನು ನೋಡಿಕೊಳ್ಳುವ ಖರ್ಚು ಕಡಿಮೆ ಜನರ ಮೇಲೆ ಬೀಳುತ್ತದೆ.

ಅನುದಾನದ ಲೆಕ್ಕದಲ್ಲೂ ಜನಸಂಖ್ಯೆಗೆ ಪಾಲು ಇದೆ. ಸ್ಥಾನಮಾನವೂ ಅದರ ಮೇಲೇ ನಿಂತಿದೆ. ನಮ್ಮ ಕಾನೂನಿನಲ್ಲಿ ಪಾಲಿಕೆ ಆಗಲು ಮೂರು ಲಕ್ಷ ಜನ ಬೇಕು, ಜೊತೆಗೆ ಆದಾಯ, ಜನದಟ್ಟಣೆಯ ಷರತ್ತುಗಳಿವೆ. 2011ರಲ್ಲಿ ತುಮಕೂರು ಮೂರು ಲಕ್ಷ ದಾಟಿತು, ಶಿವಮೊಗ್ಗ 3.2 ಲಕ್ಷಕ್ಕೆ ಬಂತು. ಆಮೇಲೆ ಎರಡೂ ಪಾಲಿಕೆಗಳಾದವು.

ಒಮ್ಮೆ ನಿಧಾನವಾದ ಊರು ಮತ್ತೆ ಬೆಳೆಯುವುದಿಲ್ವಾ?

ಬೆಳೆಯುತ್ತದೆ. ಮೈಸೂರನ್ನೇ ನೋಡಿ. 1951ರಿಂದ 1961ರವರೆಗೆ ಅದು ಬೆಳೆದದ್ದು ಬರೀ ಶೇ. 4ರಷ್ಟು. ಮುಂದಿನ ಹತ್ತು ವರ್ಷದಲ್ಲಿ ಸುಮಾರು ಶೇ. 40. ಹಾಗಂತ ತಾನಾಗಿಯೇ ಆಗುತ್ತದೆ ಅಂತಲ್ಲ. ಕೆಲಸ ಬರಬೇಕು, ಇಲ್ಲವೇ ಕೆಲಸ ಇರುವ ಕಡೆಗೆ ದಿನಾ ಹೋಗಿ ಬರುವ ದಾರಿ ಬೇಕು. ರಾಜ್ಯದ ಪಟ್ಟಣವಾಸಿಗಳು 2011ರಲ್ಲಿ 2.36 ಕೋಟಿ. ಅದರಲ್ಲಿ ಮೂರನೇ ಒಂದಕ್ಕಿಂತ ಹೆಚ್ಚು ಜನ ಬೆಂಗಳೂರೊಂದರಲ್ಲೇ. ಎರಡನೇ ನಗರ ಅದರ ಎಂಟನೇ ಒಂದು ಭಾಗವೂ ಇಲ್ಲ. ದೊಡ್ಡ ಕಚೇರಿ, ದೊಡ್ಡ ಆಸ್ಪತ್ರೆ, ದೊಡ್ಡ ಕಾರ್ಖಾನೆ ಎಲ್ಲ ಒಂದೇ ಕಡೆ ಕಟ್ಟುತ್ತಾ ಹೋದರೆ ಗದಗದ ಹುಡುಗ ಬೇರೆಲ್ಲಿಗೆ ಹೋಗಬೇಕು?

ಒಂದು ಹೊಸ ವಿಷಯವೂ ಸೇರಿದೆ. 2019ರಿಂದ 2021ರ ನಡುವೆ ನಡೆದ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ಒಬ್ಬ ಹೆಂಗಸಿಗೆ ಸರಾಸರಿ 1.7 ಮಕ್ಕಳು. ಜನಸಂಖ್ಯೆ ಇದ್ದ ಹಾಗೇ ಇರಲು 2.1 ಬೇಕು. ಇನ್ನು ಮುಂದೆ ಹುಟ್ಟಿನಿಂದಲೇ ಊರು ಬೆಳೆಯುವ ಕಾಲ ಮುಗಿಯುತ್ತಾ ಬಂತು. ಹೊರಗಿನಿಂದ ಜನ ಬಾರದ ನಗರಗಳು ಕುಗ್ಗುವುದು ಮುಂದೆ ಭದ್ರಾವತಿಯೊಂದರ ವಿಷಯವಾಗಿ ಉಳಿಯುವುದಿಲ್ಲ.

ನಮ್ಮೂರಿನ ಅಂಕಿ ನಾನೇ ನೋಡಬೇಕು ಅಂದ್ರೆ ಎಲ್ಲಿ ಸಿಗುತ್ತೆ?

ಜನಗಣತಿ ಇಲಾಖೆಯ ವೆಬ್‌ಸೈಟಿನಲ್ಲಿ ಪ್ರತಿ ಜಿಲ್ಲೆಗೂ ಒಂದು ಜಿಲ್ಲಾ ಜನಗಣತಿ ಕೈಪಿಡಿ ಇದೆ, ದುಡ್ಡು ಕೊಡಬೇಕಿಲ್ಲ. ಅದರಲ್ಲಿ ಪಟ್ಟಣಗಳ ಭಾಗ ತೆರೆಯಿರಿ. ಹಿಂದಿನ ದಶಕಗಳ ಅಂಕಿಗಳೂ ಒಂದೇ ಕಡೆ ಸಿಗುತ್ತವೆ. 2014ರ ಮುಂಚಿನ ಪಟ್ಟಿಗಳಲ್ಲಿ ಕಲಬುರಗಿಯನ್ನು ಗುಲ್ಬರ್ಗ ಅಂತ, ವಿಜಯಪುರವನ್ನು ಬಿಜಾಪುರ ಅಂತ ಹುಡುಕಬೇಕು. ಜನಸಂಖ್ಯೆಯ ಪಕ್ಕದಲ್ಲೇ ವಿಸ್ತೀರ್ಣದ ಕಾಲಂ ಇರುತ್ತದೆ. ಎರಡು ದಶಕದ ನಡುವೆ ಆ ಚದರ ಕಿಲೋಮೀಟರ್ ಬದಲಾಗಿದೆಯಾ ಅಂತ ಮೊದಲು ನೋಡಿ, ಆಮೇಲೆ ಶೇಕಡಾವಾರು ಲೆಕ್ಕ ಹಾಕಿ.